ಒಂದೇ ಸಲದ ಮಂತ್ರ

ಮೊನ್ನೆ ಗೆಳೆಯನೊಬ್ಬ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಹೇಳಿಕೊಡಲು ಕೂತಿದ್ದ. ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಸೇರಿ 1974ರಲ್ಲಿ ಅಮೆರಿಕದಲ್ಲಿ ಹೊರತಂದ ಆಟ. ಅದರ ಹಳೆಯ ನಿಯಮದಲ್ಲಿ ಮಾಂತ್ರಿಕ ಮಂತ್ರವನ್ನು ಮೊದಲೇ ಬಾಯಿಪಾಠ ಮಾಡಿರಬೇಕು. ವೈರಿಯ ಮೇಲೆ ಬಿಟ್ಟೊಡನೆ ನೆನಪಿನಿಂದಲೇ ಅಳಿಸಿಹೋಗುತ್ತದೆ. ಗೈಗ್ಯಾಕ್ಸ್ ಇದನ್ನು ತಗೊಂಡದ್ದು ಜಾಕ್ ವ್ಯಾನ್ಸ್‌ನ 1950ರ ‘ದಿ ಡೈಯಿಂಗ್ ಅರ್ತ್’ ಕತೆಗಳಿಂದ.

ನನಗೆ ನಗು ಬಂತು. ಇಂಥದ್ದನ್ನು ನಿಡಸೋಸಿಯಲ್ಲಿ ಅಜ್ಜನ ಬಾಯಲ್ಲೇ ಕೇಳಿದ್ದೆನಲ್ಲ! ಇಂದ್ರ ಕೊಟ್ಟ ಶಕ್ತ್ಯಾಯುಧ ಒಂದೇ ಸಲಕ್ಕೆ. ಅರ್ಜುನನಿಗೆಂದು ಕಾದಿಟ್ಟದ್ದನ್ನು ಕರ್ಣ ಹದಿನಾಲ್ಕನೇ ದಿನದ ರಾತ್ರಿ ಘಟೋತ್ಕಚನ ಮೇಲೆ ಕಳೆದುಕೊಂಡ. ಅಶ್ವತ್ಥಾಮನ ನಾರಾಯಣಾಸ್ತ್ರ ಇನ್ನೂ ವಿಚಿತ್ರ: ಆಯುಧ ಕೆಳಗಿಟ್ಟವರನ್ನು ಮುಟ್ಟದು, ಎರಡನೇ ಸಲ ಬಿಟ್ಟರೆ ಬಿಟ್ಟವನಿಗೇ ತಿರುಗುವುದು. ನಮ್ಮಂಥ ಕೋಡು ಬರೆಯುವವರಿಗೆ ಇದು ಪಕ್ಕಾ ‘ಇಫ್ ಕಂಡೀಷನ್’ :)

ಆದರೆ... ಆಟದಲ್ಲಿ ಮರೆವು ಎಲ್ಲರಿಗೂ ಒಂದೇ ನಿಯಮ. ಕರ್ಣನಿಗೆ ಅದು ಶಾಪ. ಬ್ರಾಹ್ಮಣನೆಂದು ಸುಳ್ಳು ಹೇಳಿ ಪರಶುರಾಮನಲ್ಲಿ ಕಲಿತದ್ದಕ್ಕೆ, ಬೇಕಾದ ಹೊತ್ತಿಗೇ ಅಸ್ತ್ರ ನೆನಪಾಗಲಿಲ್ಲ.

“ಖರೇ ಹೇಳಿದ್ರ ಕಲಸ್ತಿದ್ನೇನು, ಅಜ್ಜಾ?” ಅಂತ ಕೇಳಿದ್ದೆ.

ಅಜ್ಜ ಅಡಕಿ ಕತ್ತರಿಸೋದು ನಿಲ್ಲಿಸಿ, “ಇಲ್ಲೋ ತಮ್ಮಾ” ಅಂದಿದ್ದ.