ಮಾರಿದ ಮೇಲೂ ಮಾಲೀಕ

ಬಳ್ಳಿಗಾವಿಯಲ್ಲಿ 1047ರಲ್ಲಿ ಚಾವುಂಡರಾಯರಸ ನಿಲ್ಲಿಸಿದ ಗಂಡಭೇರುಂಡ ಕಂಬ ಇಂದಿಗೂ ಇದೆ. ಅಲ್ಲಿನ ಶಾಸನಗಳಲ್ಲಿ ‘ಭೇರುಂಡ ಗಳೆ’ಯಿಂದ ಭೂಮಿ ಅಳೆದ ಉಲ್ಲೇಖಗಳಿವೆ. ಕೊಟ್ಟವರಾರು, ಪಡೆದವರಾರು, ಎಲ್ಲೆ ಎಲ್ಲಿಯವರೆಗೆ ಎಂಬುದನ್ನು ಆ ಕಾಲದವರು ಕಲ್ಲಿನಲ್ಲಿ ಕೆತ್ತಿಸಿ ಎಲ್ಲರಿಗೂ ಕಾಣುವಂತೆ ನಿಲ್ಲಿಸುತ್ತಿದ್ದರು. ಅಳಿಪಿದವನಿಗೆ ವಾರಾಣಸಿಯಲ್ಲಿ ಕವಿಲೆಯನ್ನು ಕೊಂದ ಪಾಪ!

ಹಳೆಯ ಮೋಟಾರ್‌ಸೈಕಲ್ ಮಾರುವಾಗ ಇಷ್ಟು ಎಚ್ಚರ ಕಾಣುವುದು ಅಪರೂಪ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿ ತಯಾರಾದ ಯೆಜ್ಡಿ ಬೇಕೆಂದರೆ ಇನ್ನೊಬ್ಬರ ಕೈಯಿಂದಲೇ ಕೊಳ್ಳಬೇಕು. ಹಣ ಎಣಿಸಿ, ಕೀಲಿಕೈ ಕೊಟ್ಟು, ಖಾಲಿ ನಮೂನೆಗೆ ಸಹಿ ಹಾಕಿದರೆ ವ್ಯಾಪಾರ ಮುಗಿಯಿತೆಂಬುದು ಸಾಮಾನ್ಯ ನಂಬಿಕೆ.

ಈ ನಂಬಿಕೆಗೆ ಹಿಂದೆ ಒಂದಿಷ್ಟು ಆಧಾರವಿತ್ತು. 1939ರ ಮೋಟಾರು ವಾಹನ ಕಾಯ್ದೆ ‘ಮಾಲೀಕ’ ಪದವನ್ನು ವಿವರಿಸುವಾಗ ನೋಂದಣಿಯನ್ನು ಪ್ರಸ್ತಾಪಿಸಿರಲಿಲ್ಲ. 1988ರ ಕಾಯ್ದೆ ಅದನ್ನು ಬದಲಿಸಿತು: ನೋಂದಣಿ ಯಾರ ಹೆಸರಿನಲ್ಲಿದೆಯೋ ಅವರೇ ಮಾಲೀಕರು. ಕೈಯಿಂದ ಕೈಗೆ ದಾಟಿದ್ದ ಕಾರೊಂದರ ಅಪಘಾತದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2018ರ ಫೆಬ್ರುವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಕಾರು ಯಾವಾಗಲೋ ಮಾರಿದ್ದ ಮೊದಲ ಒಡೆಯನ ಹೆಸರು ದಾಖಲೆಯಲ್ಲಿ ಹಾಗೆಯೇ ಉಳಿದಿತ್ತು. ಪರಿಹಾರದ ಹೊಣೆ ಅವನ ಮೇಲೆಯೇ ಬಿತ್ತು. ಗಾಯಾಳುಗಳು ಕೊಂಡವರ ಸರಣಿಯನ್ನು ಹುಡುಕುತ್ತ ಅಲೆಯಬೇಕಿಲ್ಲ ಎಂಬುದು ನ್ಯಾಯಾಲಯದ ನಿಲುವು. ಇದು ಸರಿಯೇ.

ಮಾರಿದವರು ರಾಜ್ಯದೊಳಗಿನ ವರ್ಗಾವಣೆಯನ್ನು 14 ದಿನಗಳೊಳಗೆ ಸಾರಿಗೆ ಕಚೇರಿಗೆ ವರದಿ ಮಾಡಬೇಕು. ಅದಕ್ಕಿರುವುದು 29ನೆಯ ನಮೂನೆ. ಹೆಸರು ಬದಲಾವಣೆಗೆ 30ನೆಯದು. ಕೊಂಡವರು ಮಾಡಿಸಿಕೊಳ್ಳುತ್ತಾರೆಂದು ಇವನ್ನು ಖಾಲಿ ಕೊಟ್ಟು ಬಂದವರಿಗೆ ಗಾಡಿ ಹೋಗಿರುತ್ತದೆ, ಹೊಣೆ ಹೋಗಿರುವುದಿಲ್ಲ.