ಮನೆಯ ಮನರಂಜನೆಗೊಂದು ಅಗ್ಗದ ಪುಟ್ಟ ಲ್ಯಾಪ್‌ಟಾಪ್: ಕೊಳ್ಳುವ ಮುನ್ನ



ಊರಿನಿಂದ ಅಪ್ಪ-ಅಮ್ಮ ಬರುವ ಟಿಕೆಟ್ ಆದ ಕೂಡಲೇ ನಮ್ಮ ಸದಸ್ಯರು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು: "ಅವರಿಗೆ ಸಿನಿಮಾ, ಹಾಡು, ವಾರ್ತೆ ನೋಡಲು, ಊರಿನವರೊಡನೆ ಮಾತಾಡಲು ಒಂದು ಚಿಕ್ಕ ಲ್ಯಾಪ್‌ಟಾಪ್ ಸಾಕು. ಜಾಸ್ತಿ ದುಡ್ಡು ಹಾಕುವುದು ಬೇಡ. ಯಾವುದು ತೆಗೆದುಕೊಳ್ಳೋಣ?" ಪ್ರಶ್ನೆ ಸಣ್ಣದಾಗಿ ಕಂಡರೂ ವಿಷಯ ಅಷ್ಟು ಸಣ್ಣದಲ್ಲ. ಇಲ್ಲಿ ಅಮೆರಿಕದಲ್ಲಿ ಮಗ-ಸೊಸೆ ಕೆಲಸಕ್ಕೆ, ಮೊಮ್ಮಕ್ಕಳು ಶಾಲೆಗೆ ಹೊರಟ ಮೇಲೆ ಸಂಜೆಯವರೆಗೆ ಮನೆಯಲ್ಲಿ ಮೂರನೆಯ ಕನ್ನಡದ ದನಿ ಎಂದರೆ ಆ ಪೆಟ್ಟಿಗೆಯದೇ. ಕಾರು ಓಡಿಸಲು ಬಾರದೆ, ಹೊರಗಿನ ಚಳಿಗೆ ನಡೆದಾಡಲೂ ಆಗದೆ ಆರು ತಿಂಗಳು ಕಳೆಯಬೇಕಾದ ಹಿರಿಯರಿಗೆ ಅದು ಕೈಕೊಟ್ಟರೆ ದಿನವೇ ಕೈಕೊಟ್ಟ ಹಾಗೆ.

ನಮ್ಮಲ್ಲೊಬ್ಬರು ಹೀಗೆಯೇ ರಿಯಾಯಿತಿ ಮಾರಾಟದಲ್ಲಿ ಒಂದು ಪುಟ್ಟ ವಿಂಡೋಸ್ ಲ್ಯಾಪ್‌ಟಾಪ್ ತಂದಿದ್ದರು. ಮೊದಲ ಒಂದೆರಡು ತಿಂಗಳು ಚೆನ್ನಾಗಿಯೇ ನಡೆಯಿತು. ಆಮೇಲೆ "ಜಾಗ ಸಾಲದು" ಎಂಬ ಸೂಚನೆ ದಿನಾ ಬರತೊಡಗಿತು. ಒಂದು ಮಧ್ಯಾಹ್ನ ಅಪ್‌ಡೇಟ್ ಅರ್ಧಕ್ಕೆ ನಿಂತು ಯಂತ್ರ ಏಳಲೇ ಇಲ್ಲ. ಮನೆಯಲ್ಲಿದ್ದ ತಂದೆಯವರು "ನಾನೇ ಏನೋ ಒತ್ತಿ ಕೆಡಿಸಿಬಿಟ್ಟೆ" ಎಂದುಕೊಂಡು, ಸರಿಮಾಡಿಸಿದ ಮೇಲೂ ಅದನ್ನು ಮುಟ್ಟುವುದನ್ನೇ ಬಿಟ್ಟರು. ಅವರು ಏನನ್ನೂ ಕೆಡಿಸಿರಲಿಲ್ಲ. ಆ ಯಂತ್ರದ ಅಳತೆಯೇ ಅಷ್ಟಿತ್ತು.

ಹಾಗಾಗಿ ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. 4 ಜಿಬಿ ಮೆಮೊರಿ ಮತ್ತು 64 ಜಿಬಿ ಇಎಂಎಂಸಿ ಸಂಗ್ರಹ ಇರುವ ವಿಂಡೋಸ್ ಲ್ಯಾಪ್‌ಟಾಪ್ ಎಷ್ಟೇ ಅಗ್ಗವಾಗಿ ಸಿಕ್ಕರೂ ಬೇಡ. ಅಷ್ಟೇ ದುಡ್ಡಿಗೆ ಒಂದು ಕ್ರೋಮ್‌ಬುಕ್ ಅಥವಾ ಯಾವುದೋ ಕಚೇರಿಯಲ್ಲಿ ಮೂರು-ನಾಲ್ಕು ವರ್ಷ ದುಡಿದು ಬಂದ ಹಳೆಯ ಲ್ಯಾಪ್‌ಟಾಪ್ ತೆಗೆದುಕೊಳ್ಳಿ.

ಹಾಸಿಗೆಯೇ ಗಿಡ್ಡವಾದರೆ

ಅಗ್ಗದ ಪುಟ್ಟ ಲ್ಯಾಪ್‌ಟಾಪ್‌ಗಳ ಭರಾಟೆ ಶುರುವಾದದ್ದು 2007ರಲ್ಲಿ, ತೈವಾನಿನ ಏಸಸ್ ಕಂಪನಿಯ 'ಈ-ಪಿಸಿ 701' ಬಂದಾಗ. ಏಳಂಗುಲದ ಪರದೆ, 512 ಎಂಬಿ ಮೆಮೊರಿ, 4 ಜಿಬಿ ಸಂಗ್ರಹ. ಅಮೆರಿಕದಲ್ಲಿ ಆ ಮಾದರಿಯ ಬೆಲೆ 399 ಡಾಲರ್. ಅಷ್ಟು ಕಡಿಮೆ ಸಾಮಗ್ರಿಯಲ್ಲೂ ಅದು ನಡೆದದ್ದು ಅದರೊಳಗೆ ಹಗುರವಾದ ಲಿನಕ್ಸ್ ತಂತ್ರಾಂಶ ಇದ್ದದ್ದರಿಂದ. 2008ರಲ್ಲಿ ಇಂಟೆಲ್‌ನ ಆಟಮ್ ಚಿಪ್ ಬಂತು, ಎಲ್ಲ ಕಂಪನಿಗಳೂ 'ನೆಟ್‌ಬುಕ್' ಮಾಡತೊಡಗಿದವು. ಆದರೆ ಗ್ರಾಹಕರಿಗೆ ಬೇಕಾದದ್ದು ವಿಂಡೋಸ್. ಪುಟ್ಟ ಯಂತ್ರದ ಮೇಲೆ ದೊಡ್ಡ ಹೊರೆ ಹೇರಿದಂತಾಗಿ, ಒಂದು ಪುಟ ತೆರೆಯಲು ಕಾಫಿ ಕುಡಿದು ಬರುವಷ್ಟು ಹೊತ್ತು ಹಿಡಿಯುತ್ತಿತ್ತು. ಟ್ಯಾಬ್ಲೆಟ್‌ಗಳ ಪೈಪೋಟಿಯೂ ಸೇರಿ 2012ರ ಕೊನೆಯ ವೇಳೆಗೆ ನೆಟ್‌ಬುಕ್‌ಗಳ ಕಾಲ ಮುಗಿಯಿತು. ಹೆಸರು ಹೋಯಿತು, ತಪ್ಪು ಹೋಗಲಿಲ್ಲ.

ಇಂದು ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಹೇಳುವ ಕನಿಷ್ಠ ಅಳತೆ 4 ಜಿಬಿ ಮೆಮೊರಿ, 64 ಜಿಬಿ ಸಂಗ್ರಹ. ಅಂಗಡಿಯ ಅತಿ ಅಗ್ಗದ ಮಾದರಿ ಸರಿಯಾಗಿ ಆ ಗೆರೆಯ ಮೇಲೆಯೇ ನಿಂತಿರುತ್ತದೆ. ಕನಿಷ್ಠ ಅಂದರೆ ಎದ್ದು ನಿಲ್ಲಲು ಸಾಕು, ನಡೆದಾಡಲು ಅಲ್ಲ. 64 ಜಿಬಿ ಎಂದು ಬರೆದಿದ್ದರೂ ಯಂತ್ರದಲ್ಲಿ ಕಾಣುವುದು 58 ಜಿಬಿ ಆಸುಪಾಸು. ಅದರಲ್ಲಿ ದೊಡ್ಡ ಪಾಲನ್ನು ವಿಂಡೋಸ್ ತಾನೇ ನುಂಗಿರುತ್ತದೆ. ವರ್ಷಕ್ಕೊಮ್ಮೆ ದೊಡ್ಡ ಅಪ್‌ಡೇಟ್ ಬಂದಾಗ ಹೊಸದನ್ನು ಇಳಿಸಿಕೊಳ್ಳಲೂ ಜಾಗ ಬೇಕು, ಹಳೆಯದನ್ನು ಕೆಲ ದಿನ ಕಾದಿರಿಸಲೂ ಜಾಗ ಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ಇಲ್ಲಿ ಹಾಸಿಗೆಯೇ ಗಿಡ್ಡ. ಇನ್ನೊಂದು ಮುಖ್ಯ ವಿಷಯ: ಈ ಯಂತ್ರಗಳಲ್ಲಿ ಇಎಂಎಂಸಿ ಚಿಪ್ಪನ್ನು, ಬಹಳಷ್ಟು ಸಲ ಮೆಮೊರಿಯನ್ನೂ, ಹಲಗೆಗೇ ಬೆಸುಗೆ ಹಾಕಿರುತ್ತಾರೆ. ಮುಂದೆ ಬೇಕೆಂದರೂ ದೊಡ್ಡದು ಮಾಡಿಸಲು ಬರುವುದಿಲ್ಲ.

ವಿಂಡೋಸೇ ಬೇಕೆಂದಿದ್ದರೆ 8 ಜಿಬಿ ಮೆಮೊರಿ, 128 ಜಿಬಿ ಅಥವಾ ಹೆಚ್ಚಿನ ಎಸ್‌ಎಸ್‌ಡಿ ಇರಲಿ. ಎಸ್‌ಎಸ್‌ಡಿ ಬದಲಾಯಿಸಲು ಬರುತ್ತದೆಯೇ ಎಂದೂ ಕೇಳಿ. 2025ರ ಕೊನೆಯಿಂದ ಮೆಮೊರಿ ಚಿಪ್‌ಗಳ ಬೆಲೆ ಏರಿದ್ದರಿಂದ ಇದಕ್ಕೆ ಸ್ವಲ್ಪ ಹೆಚ್ಚು ತೆರಬೇಕಾಗಬಹುದು, ಆದರೂ ಇಲ್ಲಿ ಕೈ ಹಿಡಿಯಬೇಡಿ. 'ಎಸ್ ಮೋಡ್' ಎಂದು ಬರೆದಿದ್ದರೆ ಗಾಬರಿ ಬೇಡ. ಮೈಕ್ರೋಸಾಫ್ಟ್ ಸ್ಟೋರಿನ ತಂತ್ರಾಂಶ ಮಾತ್ರ ನಡೆಯುವ ಆ ಕಟ್ಟುಪಾಡಿನಿಂದ ಪುಕ್ಕಟೆಯಾಗಿ ಹೊರಬರಬಹುದು, ಮತ್ತೆ ಒಳಗೆ ಹೋಗಲಾಗದು ಅಷ್ಟೆ.

ಚಿಪ್ಪಿನ ಬಗ್ಗೆ ಒಂದೇ ಮಾತು

ಪ್ರೊಸೆಸರ್ ಬಗ್ಗೆ ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ, ಒಂದನ್ನು ಬಿಟ್ಟು. ವಿಡಿಯೋವನ್ನು ಬಿಡಿಸುವ ಕೆಲಸ ಚಿಪ್ಪಿನೊಳಗಿನ ವಿಶೇಷ ಭಾಗದಲ್ಲೇ ಆಗಬೇಕು, ಇಲ್ಲದಿದ್ದರೆ ಯಂತ್ರ ಬಿಸಿಯಾಗಿ ಚಿತ್ರ ತಡವರಿಸುತ್ತದೆ. ಯೂಟ್ಯೂಬ್ ಈಗ ಎವಿ1 ಎಂಬ ವಿಧಾನವನ್ನು ಹೆಚ್ಚು ಬಳಸುತ್ತಿದೆ. 2023ರ ಆರಂಭದಲ್ಲಿ ಬಂದ ಇಂಟೆಲ್ ಎನ್100 ಚಿಪ್ಪಿಗೆ ಅದು ಗೊತ್ತು. ಅದಕ್ಕಿಂತ ಹಳೆಯ ಸೆಲೆರಾನ್ ಎನ್4020, ಎನ್4500ಗಳಿಗೆ ಗೊತ್ತಿಲ್ಲ. ಎರಡೂ ಒಂದೇ ಕಪಾಟಿನಲ್ಲಿ ಹೆಚ್ಚು ಬೆಲೆ ವ್ಯತ್ಯಾಸವಿಲ್ಲದೆ ಕೂತಿರುತ್ತವೆ. ಎನ್100 ಆರಿಸಿಕೊಳ್ಳಿ.

ಕ್ರೋಮ್‌ಬುಕ್ ಮತ್ತು ಅದರ ತಾರೀಖು

ನೋಡುವುದು, ಕೇಳುವುದು, ಮಾತಾಡುವುದು ಇಷ್ಟೇ ಆದರೆ ಕ್ರೋಮ್‌ಬುಕ್ ನಮಗೆ ಹೆಚ್ಚು ಮೆಚ್ಚುಗೆಯಾಗಿದೆ. 2011ರಿಂದ ಮಾರಾಟದಲ್ಲಿರುವ ಇವುಗಳ ತಂತ್ರಾಂಶ ಹಗುರ, 64 ಜಿಬಿ ಇಲ್ಲಿ ಕಡಿಮೆಯಾಗುವುದಿಲ್ಲ. ಅಪ್‌ಡೇಟ್‌ಗಳು ಸದ್ದಿಲ್ಲದೆ ಆಗಿಹೋಗುತ್ತವೆ. 4 ಜಿಬಿ ಮೆಮೊರಿಯಲ್ಲೂ ಒಂದು ಸಿನಿಮಾ ಸರಾಗವಾಗಿ ಓಡುತ್ತದೆ, ಆದರೂ 8 ಜಿಬಿ ಇದ್ದರೆ ಒಳ್ಳೆಯದು. 'ಕ್ರೋಮ್‌ಬುಕ್ ಪ್ಲಸ್' ಎಂಬ ಗುರುತಿದ್ದರೆ 8 ಜಿಬಿ ಮೆಮೊರಿ, 128 ಜಿಬಿ ಸಂಗ್ರಹ ಹಾಗೂ ಒಳ್ಳೆಯ ಪರದೆ ಖಾತ್ರಿ. ಇದು 2023ರ ಅಕ್ಟೋಬರಿನಲ್ಲಿ ಗೂಗಲ್ ಹಾಕಿದ ನಿಯಮ.

ಇದರಲ್ಲೊಂದು ಗುಟ್ಟು ಇದೆ. ಪ್ರತಿ ಕ್ರೋಮ್‌ಬುಕ್ಕಿಗೂ ಅಪ್‌ಡೇಟ್ ನಿಲ್ಲುವ ಒಂದು ತಾರೀಖು ಇರುತ್ತದೆ. 2021 ಮತ್ತು ಅನಂತರದ ಮಾದರಿಗಳಿಗೆ ಹತ್ತು ವರ್ಷ ಎಂದು ಗೂಗಲ್ 2023ರಲ್ಲಿ ಪ್ರಕಟಿಸಿತು. ಆದರೆ ಆ ಹತ್ತು ವರ್ಷದ ಎಣಿಕೆ ನೀವು ಕೊಂಡ ದಿನದಿಂದಲ್ಲ, ಆ ಯಂತ್ರದ ಮೂಲ ವಿನ್ಯಾಸ ಹೊರಬಂದ ದಿನದಿಂದ. ಬಹಳ ಅಗ್ಗಕ್ಕೆ ಸಿಗುವ 'ಹೊಸ' ಪೆಟ್ಟಿಗೆಯಲ್ಲಿ ನಾಲ್ಕೈದು ವರ್ಷ ಆಗಲೇ ಕಳೆದುಹೋಗಿರಬಹುದು. ಮಾದರಿಯ ಹೆಸರು ಹಾಕಿದರೆ ಗೂಗಲ್‌ನ ಸಹಾಯ ಪುಟದಲ್ಲಿ ತಾರೀಖು ಸಿಗುತ್ತದೆ. ದುಡ್ಡು ಕೊಡುವ ಮೊದಲೇ ನೋಡಿ.

ಹಳೆಯ ಕಚೇರಿ ಲ್ಯಾಪ್‌ಟಾಪ್

ಕಂಪನಿಗಳು ಬದಲಾಯಿಸಿ ಹೊರಗೆ ಹಾಕಿದ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೈಟ್‌ಬುಕ್ ಮುಂತಾದವನ್ನು ಶುಚಿಮಾಡಿ ಮಾರುವ ಅಂಗಡಿಗಳಿವೆ. ಗಟ್ಟಿ ಕೀಲಿಮಣೆ, ಗಟ್ಟಿ ಹಿಂಜು. ಹೊಸ ಅಗ್ಗದ ಯಂತ್ರಗಳಿಗಿಂತ ಇವು ಎಷ್ಟೋ ಮೇಲು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಾಗಾಗಿ ಇಂಟೆಲ್‌ನ ಎಂಟನೆಯ ಪೀಳಿಗೆಗಿಂತ ಹಿಂದಿನದನ್ನು ವಿಂಡೋಸ್‌ಗಾಗಿ ಕೊಳ್ಳಬೇಡಿ, ವಿಂಡೋಸ್ 11ರ ಪಟ್ಟಿಯಲ್ಲಿ ಅವಕ್ಕೆ ಜಾಗವಿಲ್ಲ. ಆ ಪೀಳಿಗೆಗೆ ಎವಿ1 ಬಾರದಿದ್ದರೂ ಕೈಬಲ ಸಾಕಷ್ಟಿದೆ, ಯೂಟ್ಯೂಬ್ ಹಳೆಯ ವಿಧಾನದಲ್ಲೂ ಚಿತ್ರ ಕಳಿಸುತ್ತದೆ.

ಬ್ಯಾಟರಿ ಮಾತ್ರ ಸವೆದಿರುತ್ತದೆ. ವಿಂಡೋಸ್‌ನಲ್ಲೇ ಬ್ಯಾಟರಿ ವರದಿ ತೆಗೆಯುವ ಸೌಲಭ್ಯವಿದೆ. ಹೊಸದಾಗಿದ್ದಾಗಿನ ಸಾಮರ್ಥ್ಯ, ಈಗಿನದು ಎರಡೂ ಅದರಲ್ಲಿ ಕಾಣುತ್ತವೆ. ಅರ್ಧಕ್ಕಿಂತ ಕೆಳಗಿದ್ದರೆ ಹೊಸ ಬ್ಯಾಟರಿಯ ಬೆಲೆಯನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಇನ್ನು ಯಾರೋ ಬಿಡಿಯಾಗಿ ಮಾರುವ ಶಾಲೆಯ ಕ್ರೋಮ್‌ಬುಕ್ ಅಥವಾ ಕಂಪನಿ ಲ್ಯಾಪ್‌ಟಾಪ್ ಬಗ್ಗೆ ಎಚ್ಚರ. ಹಿಂದಿನ ಸಂಸ್ಥೆ ತನ್ನ ದಾಖಲೆಯಿಂದ ಅದನ್ನು ಬಿಡುಗಡೆ ಮಾಡಿರದಿದ್ದರೆ ಎಷ್ಟು ಸಲ ಅಳಿಸಿ ಹೊಸದು ಮಾಡಿದರೂ ಮತ್ತೆ ಅವರ ಬೀಗವೇ ಎದುರಾಗುತ್ತದೆ. ಎದುರಿಗೇ ನಿಮ್ಮ ಖಾತೆಯಿಂದ ಒಳಹೊಕ್ಕು ನೋಡಿ, ಆಮೇಲೆ ದುಡ್ಡು ಕೊಡಿ.

ಪರದೆ, ದನಿ, ಹಳೆಯ ತಟ್ಟೆಗಳು

ಪರದೆಯಲ್ಲಿ ಅಂಗುಲಕ್ಕಿಂತ ಐಪಿಎಸ್ ಎಂಬ ಪದ ಮುಖ್ಯ. ಅಗ್ಗದ ಟಿಎನ್ ಪರದೆಯನ್ನು ನೇರ ಎದುರು ಕೂತವರಷ್ಟೇ ನೋಡಬಹುದು; ಸೋಫಾದಲ್ಲಿ ಪಕ್ಕಕ್ಕೆ ಕೂತ ಅಮ್ಮನಿಗೆ ಬಣ್ಣವೆಲ್ಲ ಮಾಸಿ ಕಾಣುತ್ತದೆ. 1366×768ಕ್ಕಿಂತ 1920×1080 ಇದ್ದರೆ ಅಕ್ಷರ ದೊಡ್ಡದು ಮಾಡಿದಾಗಲೂ ಕನ್ನಡದ ಒತ್ತಕ್ಷರಗಳು ಸ್ಪಷ್ಟವಾಗಿರುತ್ತವೆ. ದನಿಯ ಬಗ್ಗೆ ಹೆಚ್ಚು ನಿರೀಕ್ಷೆ ಬೇಡ. ಪುಟ್ಟ ಲ್ಯಾಪ್‌ಟಾಪಿನ ಸ್ಪೀಕರ್ ಮೇಜಿನ ಕಡೆ ಮುಖ ಮಾಡಿ ಗೊಣಗುತ್ತದೆ, ಕಿವಿ ಮಂದವಾದವರಿಗೆ ಸಂಭಾಷಣೆಯೇ ತಿಳಿಯದು. ಇಪ್ಪತ್ತು-ಮೂವತ್ತು ಡಾಲರಿನ ಹೊರಗಿನ ಸ್ಪೀಕರ್ ಸೇರಿಸಿ. ಎಚ್‌ಡಿಎಂಐ ಕಿಂಡಿ ಇದ್ದರೆ ಸಂಜೆ ಎಲ್ಲರೂ ಸೇರಿದಾಗ ಟಿವಿಗೇ ಜೋಡಿಸಬಹುದು. ಯುಎಸ್‌ಬಿ-ಸಿ ಮಾತ್ರ ಇದ್ದರೆ ಅದು ಚಿತ್ರವನ್ನು ಹೊರಗೆ ಕಳಿಸುತ್ತದೆಯೇ ಎಂದು ಕೇಳಿ, ಎಲ್ಲವೂ ಕಳಿಸುವುದಿಲ್ಲ.

ನಮ್ಮ ಎಷ್ಟೋ ಮನೆಗಳ ಕಪಾಟಿನಲ್ಲಿ ಊರಿಂದ ಸೂಟ್‌ಕೇಸಿನಲ್ಲಿ ತಂದ ವಿಸಿಡಿ, ಡಿವಿಡಿಗಳ ಕಟ್ಟು ಇನ್ನೂ ಇದೆ. ರಾಜ್‌ಕುಮಾರ್ ಚಿತ್ರಗಳು, ನಾಟಕಗಳು, ಸೋದರಿಯ ಮದುವೆ. ಈಗಿನ ಪುಟ್ಟ ಲ್ಯಾಪ್‌ಟಾಪ್‌ಗಳಲ್ಲಿ ತಟ್ಟೆ ಹಾಕುವ ಜಾಗವೇ ಇಲ್ಲ. ಯುಎಸ್‌ಬಿಗೆ ಚುಚ್ಚುವ ಹೊರಗಿನ ಡಿವಿಡಿ ಡ್ರೈವ್, ಉಚಿತವಾದ ವಿಎಲ್‌ಸಿ ತಂತ್ರಾಂಶ ಎರಡಿದ್ದರೆ ಕೆಲಸ ನಡೆಯುತ್ತದೆ. ಡಿವಿಡಿಗಳಿಗೆ ವಲಯದ ಸಂಖ್ಯೆ ಇದೆ: ಅಮೆರಿಕ, ಕೆನಡಾ 1, ಬ್ರಿಟನ್ ಮತ್ತು ಕೊಲ್ಲಿ ದೇಶಗಳು 2, ಸಿಂಗಪುರ 3, ಆಸ್ಟ್ರೇಲಿಯಾ 4, ಭಾರತ 5. ಎಲ್ಲ ವಲಯಕ್ಕೂ ಆಗುವ ತಟ್ಟೆಗಳು ನಮ್ಮಲ್ಲಿ ಹಲವಿದ್ದರೂ 5ರದ್ದು ಸಿಕ್ಕಾಗ ಡ್ರೈವ್ "ವಲಯ ಬದಲಿಸಲೇ?" ಎನ್ನುತ್ತದೆ. ಐದು ಸಲ ಬದಲಿಸಿದ ಮೇಲೆ ಕೊನೆಯದಕ್ಕೇ ಅಂಟಿಕೊಂಡುಬಿಡುತ್ತದೆ, ಆದ್ದರಿಂದ ಮೊದಲು ವಿಎಲ್‌ಸಿಯಲ್ಲಿ ಪ್ರಯತ್ನಿಸಿ. ವಿಸಿಡಿಗೆ ಈ ಕಾಟವಿಲ್ಲ. ಅದರೊಳಗೆ 'ಎಂಪಿಇಜಿಎವಿ' ಎಂಬ ಕಡತಕೋಶದಲ್ಲಿ 'ಡಿಎಟಿ' ಎಂದು ಕೊನೆಯಾಗುವ ಕಡತಗಳಿರುತ್ತವೆ, ವಿಎಲ್‌ಸಿ ಅವನ್ನು ಓಡಿಸುತ್ತದೆ. ತಟ್ಟೆಗೆ ಸುಮಾರು 74 ನಿಮಿಷ, 352×288 ಚುಕ್ಕಿಗಳ ಚಿತ್ರ. ಇಂದಿನ ಕಣ್ಣಿಗೆ ಮಸುಕು. ಆದರೂ ನೋಡುವವರು ನೋಡುತ್ತಾರೆ. ಮದುವೆ-ಮುಂಜಿಯ ತಟ್ಟೆಗಳನ್ನು ಈಗಲೇ ಬೇರೆ ಕಡೆ ಉಳಿಸಿಟ್ಟುಕೊಳ್ಳಿ, ಅವು ಕಾಲಾಂತರದಲ್ಲಿ ಹಾಳಾಗುತ್ತವೆ. ನೆನಪಿರಲಿ, ಕ್ರೋಮ್‌ಬುಕ್ಕಿನಲ್ಲಿ ಡಿವಿಡಿ ಚಿತ್ರ ನೇರವಾಗಿ ಓಡುವುದಿಲ್ಲ. ತಟ್ಟೆಗಳೇ ಮುಖ್ಯವಾದ ಮನೆಗೆ ಹಳೆಯ ವಿಂಡೋಸ್ ಲ್ಯಾಪ್‌ಟಾಪೇ ಸರಿ.

ಹಿರಿಯರ ಕೈಗೆ ಕೊಡುವ ಮೊದಲು

ಒಂದು ಸಂಜೆ ಕೂತು ಸಿದ್ಧಮಾಡಿ ಕೊಡಿ. ಯೂಟ್ಯೂಬಿನ ಕನ್ನಡ ವಾರ್ತಾ ವಾಹಿನಿಗಳ ನೇರಪ್ರಸಾರ, ಆಕಾಶವಾಣಿಯ ನ್ಯೂಸ್ ಆನ್ ಏರ್, ನೀವು ಚಂದಾ ಕಟ್ಟಿರುವ ಚಿತ್ರವಾಹಿನಿ, ಇಷ್ಟನ್ನು ಎದುರಿಗೇ ಕಾಣುವಂತೆ ಇಟ್ಟರೆ ಸಾಕು. ಕನ್ನಡ ಟೈಪಿಸಲು ಕೀಲಿಗಳ ಮೇಲೆ ಕನ್ನಡ ಬೇಕಿಲ್ಲ. ಬರಹ, ನುಡಿಗಳನ್ನು ಹುಡುಕಿ ಹಾಕಿಕೊಳ್ಳುತ್ತಿದ್ದ ಕಾಲ ನಮಗೆಲ್ಲ ನೆನಪಿದೆ. ಇಂಗ್ಲಿಷ್ ಕೀಲಿಗಳಿಂದಲೇ ಉಚ್ಚಾರದಂತೆ ಬರೆಯುವ ಕನ್ನಡ ಕೀಲಿಮಣೆ 2019ರಿಂದ ವಿಂಡೋಸ್‌ನಲ್ಲೇ ಇದೆ.

ಇದಕ್ಕಿಂತ ಮುಖ್ಯವಾದದ್ದು ಮೋಸದ ಪರದೆ. ಯಾವುದೋ ಹಾಡು ಹುಡುಕುವಾಗ ಇದ್ದಕ್ಕಿದ್ದಂತೆ ಕೆಂಪು ಪರದೆ ಬಂದು, ಜೋರಾಗಿ ಕೂಗುತ್ತಾ "ನಿಮ್ಮ ಗಣಕಕ್ಕೆ ವೈರಸ್ ತಗುಲಿದೆ, ಈ ಸಂಖ್ಯೆಗೆ ಫೋನ್ ಮಾಡಿ" ಎನ್ನುತ್ತದೆ. ಮನೆಯಲ್ಲಿ ಒಬ್ಬರೇ ಇರುವ ಹಿರಿಯರು ಹೆದರಿ ಫೋನ್ ಮಾಡಿದರೆ, ಆಚೆಯವರು ಯಂತ್ರದೊಳಗೆ ದೂರದಿಂದಲೇ ನುಗ್ಗಿ ಬ್ಯಾಂಕ್ ವಿವರವನ್ನೋ ಗಿಫ್ಟ್ ಕಾರ್ಡ್ ಸಂಖ್ಯೆಗಳನ್ನೋ ಕೇಳುತ್ತಾರೆ. ಮೈಕ್ರೋಸಾಫ್ಟಿನ ನಿಜವಾದ ಎಚ್ಚರಿಕೆಯಲ್ಲಿ ಎಂದೂ ಫೋನ್ ಸಂಖ್ಯೆ ಇರುವುದಿಲ್ಲ. ಅಪ್ಪ-ಅಮ್ಮನಿಗೆ ಇಷ್ಟು ಹೇಳಿಕೊಡಿ: ಏನೂ ಓದಬೇಡಿ, ಪವರ್ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿ ಹಿಡಿದು ಆರಿಸಿಬಿಡಿ, ಏನೂ ಕೆಡುವುದಿಲ್ಲ. ಕಾಗದದ ಮೇಲೆ ಕನ್ನಡದಲ್ಲಿ ಬರೆದು ಮುಚ್ಚಳಕ್ಕೇ ಅಂಟಿಸಿದರೂ ತಪ್ಪಿಲ್ಲ. ಅವರಿಗೆ ಬೇರೆಯೇ ಸಾಮಾನ್ಯ ಖಾತೆ ಮಾಡಿ, ನಿಮ್ಮ ಬ್ಯಾಂಕಿನ ಪಾಸ್‌ವರ್ಡ್ ಅದರಲ್ಲಿ ಉಳಿಸಬೇಡಿ.

ಊರಿಗೆ ಒಯ್ಯುವುದಾದರೆ

ಹೊರಡುವಾಗ ಬಹಳ ಮಂದಿ ಆ ಲ್ಯಾಪ್‌ಟಾಪನ್ನು ಅವರೊಂದಿಗೇ ಕಳಿಸುತ್ತಾರೆ. 18 ವರ್ಷ ದಾಟಿದ ಪ್ರಯಾಣಿಕರೊಬ್ಬರು ಒಂದು ಲ್ಯಾಪ್‌ಟಾಪನ್ನು ಸುಂಕವಿಲ್ಲದೆ ಭಾರತಕ್ಕೆ ಒಯ್ಯಬಹುದು. ಒಳಗೆ ಲಿಥಿಯಂ ಬ್ಯಾಟರಿ ಇರುವುದರಿಂದ ಕೈಚೀಲದಲ್ಲೇ ಇಡಿ. ಇಲ್ಲಿ 120 ವೋಲ್ಟ್, ಅಲ್ಲಿ 230. ಅಡಾಪ್ಟರಿನ ಮೇಲೆ 100-240 ಎಂದು ಬರೆದಿದ್ದರೆ ಟ್ರಾನ್ಸ್‌ಫಾರ್ಮರ್ ಬೇಕಿಲ್ಲ, ಗೋಡೆಗೆ ಚುಚ್ಚುವ ತಂತಿಯನ್ನಷ್ಟೇ ಊರಿನಲ್ಲಿ ಬದಲಾಯಿಸಿದರೆ ಆಯಿತು. ಇಲ್ಲಿನ ಗ್ಯಾರಂಟಿ ಅಲ್ಲಿ ನಡೆಯುವುದೇ ಎಂದು ಕೊಳ್ಳುವಾಗಲೇ ಕೇಳಿ. ಚಿತ್ರವಾಹಿನಿಗಳ ಹಕ್ಕು ದೇಶದಿಂದ ದೇಶಕ್ಕೆ ಬೇರೆಯಾದ್ದರಿಂದ ಇಲ್ಲಿ ಕಾಣುತ್ತಿದ್ದ ಚಿತ್ರ ಅಲ್ಲಿ ಕಾಣದಿರಬಹುದು, ಅಲ್ಲಿ ಬೇರೆ ಚಂದಾ ಬೇಕಾದೀತು. ಎಲ್ಲಕ್ಕೂ ಮೊದಲು, ವಿಮಾನ ನಿಲ್ದಾಣಕ್ಕೆ ಹೊರಡುವ ಹಿಂದಿನ ರಾತ್ರಿ, ಅದರಲ್ಲಿ ನಿಮ್ಮ ಖಾತೆ ಉಳಿದಿದ್ದರೆ ತೆಗೆದುಹಾಕಿ.