ಎತ್ತರದ ಲೆಕ್ಕ

ಕಳೆದ ಚಳಿಗಾಲದಲ್ಲಿ ಮಗ ಒಂದು ಬೇಡಿಕೆ ಇಟ್ಟ: ನಮ್ಮ ಹಳೆಯ ಪ್ರಾಡೊಗೆ ಸಸ್ಪೆನ್ಷನ್ ಲಿಫ್ಟ್ ಹಾಕಿಸಿ, ದೊಡ್ಡ ಟೈರು ತೊಡಿಸಬೇಕು. ನನಗೆ ತಕ್ಷಣ ನೆನಪಾದದ್ದು ಮೂಡಿಗೆರೆ ಕಡೆ ಅಪ್ಪ ಬಾಡಿಗೆಗೆ ಓಡಿಸುತ್ತಿದ್ದ ಜೀಪು.

ಯುದ್ಧಕ್ಕಾಗಿ 1941ರಿಂದ ತಯಾರಾದ ವಿಲ್ಲಿಸ್ ಜೀಪನ್ನು ಮಹೀಂದ್ರ ಕಂಪನಿ 1947ರಲ್ಲಿ ಬೊಂಬಾಯಿಯಲ್ಲಿ ಜೋಡಿಸತೊಡಗಿತು. ಮಲೆನಾಡಿನ ತೋಟಗಳಿಗೆ ಅದು ಹೇಳಿ ಮಾಡಿಸಿದ ಗಾಡಿ. ಮಳೆಗಾಲದಲ್ಲಿ ಗಾಡಿಜಾಡು ಆಳವಾಗಿ ಹೊಟ್ಟೆ ತಾಗತೊಡಗಿದರೆ ಸ್ಪ್ರಿಂಗ್‌ಗೆ ಇನ್ನೊಂದು ಪ್ಲೇಟು ಸೇರಿಸುವುದು, ಸಿಕ್ಕಿದ ದಪ್ಪ ಟೈರು ಹಾಕುವುದು. ಅಪ್ಪನ ಜೀಪೂ ಹಾಗೇ ಎತ್ತರವಾಯಿತು. ಒಂದು ಸಂಜೆ ತಿರುವಿನಲ್ಲಿ ಪಕ್ಕಕ್ಕೆ ಮಗುಚಿತು. ಅಪ್ಪನ ಎಡಗೈ ಅಂದಿನಿಂದ ಪೂರ್ತಿ ನೆಟ್ಟಗಾಗಲಿಲ್ಲ. ತಪ್ಪು ಯಾರದೆಂದು ಹೇಳುವ ಕಾಗದವೊಂದೂ ಇರಲಿಲ್ಲ.

ಲೆಕ್ಕಿಗನಾದ ನಾನು ಮಗನ ಮುಂದೆ ಕಾಗದ ಹಿಡಿದು ಕೂತೆ. ಲಿಫ್ಟ್ ಮೈಯನ್ನು ಮಾತ್ರ ಮೇಲೆತ್ತುತ್ತದೆ. ಹಿಂದಿನ ಆಕ್ಸೆಲ್ಲಿನ ನಡುವಿನ ಡಿಫರೆನ್ಶಿಯಲ್ ಇದ್ದಲ್ಲೇ ಇರುತ್ತದೆ. ಅದು ಮೇಲೇಳುವುದು ಟೈರಿನಿಂದ. 265/65ಆರ್17 ಟೈರಿನ ವ್ಯಾಸ ಸುಮಾರು 776 ಮಿ.ಮೀ., 265/70ಆರ್17ರದು 803. ವ್ಯತ್ಯಾಸ 27; ಆಕ್ಸೆಲ್ ಏರುವುದು ಅದರ ಅರ್ಧ, 13 ಮಿ.ಮೀ. ಚಿಲ್ಲರೆ. ಇದು ಜಮೆ. ಖರ್ಚಿನ ಕಡೆ: ಗುರುತ್ವ ಕೇಂದ್ರ ಮೇಲೇರುತ್ತದೆ, ಎಳೆಯುವ ಶಕ್ತಿ ತಗ್ಗುತ್ತದೆ, ಬ್ರೇಕಿಗೆ ಹೆಚ್ಚು ಕೆಲಸ. ಮೊದಲು ಸರಿಯಾಗಿದ್ದ ಸ್ಪೀಡೋಮೀಟರ್ 100 ತೋರಿಸುವಾಗ ನಿಜ ವೇಗ 103 ದಾಟಿರುತ್ತದೆ.

ಈ ಖರ್ಚನ್ನು ಯಾರು ಬರೆದಿಡಬೇಕು? ಎರಡು ದೇಶಗಳು ಎರಡು ಉತ್ತರ ಕೊಟ್ಟಿವೆ. ಭಾರತದ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಬದಲಾವಣೆಗೆ ಕಡಿವಾಣ ಹಾಕುತ್ತದೆ. ಕೇರಳದಿಂದ ಬಂದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ, ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನ ಬದಲಿಸುವಂತಿಲ್ಲ ಎಂದಿತು.

ಪೊರಿರುವಾದ ಉತ್ತರ ಬೇರೆ. ಇದು ಕಾರು ಜೋಡಿಸುತ್ತಿದ್ದ ಊರು. ಟಾಡ್ ಮೋಟರ್ಸ್ 1970ರ ದಶಕದ ನಡುವೆ ಪೆಟೋನಿಯಿಂದ ಇಲ್ಲಿಗೆ ಬಂತು. 1987ರಲ್ಲಿ ಮಿತ್ಸುಬಿಷಿ ಕೈಸೇರಿತು. ಕಾರಿನ ಆಮದು ಸುಂಕ ರದ್ದಾದ 1998ರಲ್ಲೇ ಬಾಗಿಲು ಮುಚ್ಚಿತು. ಜಪಾನಿನ ಹಳೆಯ ಗಾಡಿಗಳು ಅದಕ್ಕೂ ಮೊದಲೇ ಈ ದೇಶಕ್ಕೆ ಹರಿದುಬರುತ್ತಿದ್ದವು. ನಮ್ಮ ಪ್ರಾಡೊ ಕೂಡ ಹಾಗೆ ಬಂದದ್ದೇ. ಇಲ್ಲಿ ಮಿತಿ ಮೀರಿದ ಬದಲಾವಣೆಗೆ 'ಲೋ ವಾಲ್ಯೂಮ್ ವೆಹಿಕಲ್' ಪ್ರಮಾಣಪತ್ರ ಬೇಕು. ಪರಿಣತರು ಬಂದು ಪರೀಕ್ಷಿಸಿ ಒಪ್ಪಿದರೆ, ಏನೇನು ಬದಲಾಯಿತೆಂದು ಕೆತ್ತಿದ ತಗಡೊಂದನ್ನು ಗಾಡಿಗೇ ಅಂಟಿಸುತ್ತಾರೆ. ಮುಂದೆ ಕೊಳ್ಳುವವನಿಗೂ ಅದು ಕಾಣುತ್ತದೆ.

ಒಂದು ಉತ್ತರ ಬೇಡ ಎನ್ನುತ್ತದೆ, ಇನ್ನೊಂದು ಬರೆದಿಟ್ಟು ಮಾಡು ಎನ್ನುತ್ತದೆ. ತೋಟದ ದಾರಿಯಲ್ಲಿ ಬದುಕುವವನಿಗೆ ಎತ್ತರ ಶೋಕಿಯಲ್ಲ. ಬರೀ 'ಬೇಡ' ಎಂದರೆ ಅವನು ಕದ್ದು ಮಾಡಿಸುತ್ತಾನೆ, ಲೆಕ್ಕ ಮತ್ತೆ ಕತ್ತಲಲ್ಲೇ ಉಳಿಯುತ್ತದೆ.

ಮಗ ತನ್ನ ಆಸೆಯನ್ನು ಅರ್ಧಕ್ಕಿಳಿಸಿದ. ಲಿಫ್ಟ್ ಆಯಿತು, ತಗಡೂ ಬಂತು. ಫೋನಿನಲ್ಲಿ ಅಪ್ಪನಿಗೆ ಹೇಳಿದೆ.

"ಎಷ್ಟು ಎತ್ತಿದ್ದಾರೆ ಅಂತ ಗಾಡಿ ಮೇಲೇ ಬರೆದಿದ್ದಾರಾ?" ಎಂದು ಕೇಳಿದರು.

"ಹೌದಪ್ಪ."

ಸ್ವಲ್ಪ ಹೊತ್ತು ಸುಮ್ಮನಿದ್ದು, "ನನ್ನ ಜೀಪಿಗೆ ಎಷ್ಟು ಪ್ಲೇಟು ಸೇರಿಸಿದ್ರೋ, ನಂಗೆ ಇವತ್ತಿಗೂ ಗೊತ್ತಿಲ್ಲ ಕಣೋ" ಎಂದರು.